ಅಪ್ಪನಿಗೆ ಹೇಳ್ದೇನೇ ಅಪ್ಪನ ಟ್ರೀಟ್‌ಮೆಂಟ್ ತೀರ್ಮಾನ ಮಾಡ್ಬೋದಾ?

ಓದುಗರ ಪ್ರಶ್ನೆ, ಡಾಕ್ಟರ ಉತ್ತರ

ಈ ಸಲ ಬಂದ ಪತ್ರ, ವಾಟ್ಸಾಪ್ ಮೆಸೇಜುಗಳಲ್ಲಿ ಪ್ರಾಸ್ಟೇಟ್ (ಗಂಡಸರಿಗೆ ಮೂತ್ರಚೀಲದ ಕೆಳಗಿರೋ ಗ್ರಂಥಿ) ಕ್ಯಾನ್ಸರ್ ಬಗ್ಗೆನೇ ಜಾಸ್ತಿ ಇದ್ವು, ಅದ್ರಲ್ಲೂ ಮೂಳೆಗೆ ಹರಡಿದ ಮೇಲೆ ಗೊತ್ತಾದವ್ರದ್ದು, ಹಾಗಾಗಿ ಈ ಸಂಚಿಕೆ ಪೂರ್ತಿ ಅದಕ್ಕೇ ಇಟ್ಟಿದ್ದೀನಿ. ಪತ್ರ ಬರ್ದವ್ರೆಲ್ಲ ಮಗ, ಮಗಳು, ಹೆಂಡತಿ. ಕಾಯಿಲೆ ಇರೋ ಮನುಷ್ಯ ತಾನೇ ಬರ್ದಿದ್ದು ಒಂದೇ ಒಂದು. ಅದು ನನ್ನ ಮನಸ್ಸಲ್ಲಿ ಕೂತ್ಬಿಟ್ಟಿದೆ, ಉತ್ತರಗಳಲ್ಲೂ ಬರುತ್ತೆ.

ಪ್ರಶ್ನೆ: ನಮ್ಮಪ್ಪಂಗೆ 71 ವರ್ಷ, ಬೇಸಾಯ. ಆರು ತಿಂಗ್ಳಿಂದ ಸೊಂಟ ನೋವು ಅಂತ ಎಣ್ಣೆ ಹಚ್ಕೊಂಡೇ ಗದ್ದೆಗೆ ಹೋಗ್ತಿದ್ರು. ಈಗ ಪಿಎಸ್‌ಎ ಅನ್ನೋ ಪ್ರಾಸ್ಟೇಟ್ ರಕ್ತಪರೀಕ್ಷೆ 412 ಬಂದಿದೆ, ಬಯಾಪ್ಸಿಲಿ ಗಡ್ಡೆ ಎಷ್ಟು ಜೋರು ಅಂತ ಹೇಳೋ ಗ್ಲೀಸನ್ ಅಂಕ 4+4, ಬೋನ್ ಸ್ಕ್ಯಾನಲ್ಲಿ ಬೆನ್ನುಮೂಳೆ, ಸೊಂಟ, ಪಕ್ಕೆಲುಬು ಎಲ್ಲಾ ಕಡೆ ಇದೆಯಂತೆ. ಬೀಜ ತೆಗೆಸಿ, ಇಲ್ಲಾ ಮೂರು ತಿಂಗ್ಳಿಗೊಂದು ಇಂಜೆಕ್ಷನ್ ತಗೊಳ್ಳಿ ಅಂದ್ರು ಡಾಕ್ಟ್ರು. ಅಣ್ಣಂದ್ರು ಆಪರೇಷನ್ನೇ ಅಂತ ಫಿಕ್ಸ್ ಮಾಡಿದ್ದಾರೆ. ಅಪ್ಪಂಗೆ ಕ್ಯಾನ್ಸರ್ ಅಂತಾನೂ ಹೇಳಿಲ್ಲ, ಹರ್ನಿಯಾ ಆಪರೇಷನ್ ಅಂದಿದ್ದಾರೆ. ನಂಗ್ಯಾಕೋ ಸರಿ ಅನ್ನಿಸ್ತಿಲ್ಲ. — ಮಗಳು, ಮಂಡ್ಯ ಜಿಲ್ಲೆ

ಉತ್ತರ: ಇಲ್ಲಮ್ಮ, ಇದು ಸರಿಯಲ್ಲ. ಆಪರೇಷನ್ ತಪ್ಪು ಅಂತಲ್ಲ, ಹರ್ನಿಯಾ ಅಂದಿದ್ದು ತಪ್ಪು. ಮೊದ್ಲು ಆಪರೇಷನ್ ವಿಷ್ಯ ಹೇಳ್ತೀನಿ.

ಪ್ರಾಸ್ಟೇಟ್ ಕ್ಯಾನ್ಸರ್ ಬೆಳೆಯೋದು ಟೆಸ್ಟೋಸ್ಟಿರಾನ್ ಅನ್ನೋ ಗಂಡಸರ ಹಾರ್ಮೋನಿನ ಬಲದ ಮೇಲೆ. ಆ ಹಾರ್ಮೋನ್ ನಿಲ್ಸಿದ್ರೆ ಕ್ಯಾನ್ಸರ್ ಕುಗ್ಗುತ್ತೆ ಅಂತ 1941ರಲ್ಲೇ ಶಿಕಾಗೋದಲ್ಲಿ ಚಾರ್ಲ್ಸ್ ಹಗ್ಗಿನ್ಸ್ ತೋರಿಸಿದ್ರು, ಅದಕ್ಕೆ 1966ರಲ್ಲಿ ನೊಬೆಲ್ ಕೂಡ ಬಂತು, ಇವತ್ತಿಗೂ ಟ್ರೀಟ್‌ಮೆಂಟಿನ ತಳಪಾಯ ಅದೇ. ಬೀಜ ತೆಗೆದ್ರೂ ಹಾರ್ಮೋನ್ ನಿಲ್ಲುತ್ತೆ, ಇಂಜೆಕ್ಷನ್ನಿಂದಲೂ ನಿಲ್ಲುತ್ತೆ, ಕ್ಯಾನ್ಸರ್ ಮೇಲೆ ಎರಡರ ಕೆಲ್ಸವೂ ಒಂದೇ. ಆಪರೇಷನ್ ಸಣ್ಣದು, ಚೀಲ ಹಾಗೇ ಉಳಿಯುತ್ತೆ, ಒಳಗಿನದ್ದು ಮಾತ್ರ ತೆಗೀತಾರೆ, ಒಂದು ದಿನ ಕಳೆಯೋದ್ರೊಳಗೆ ಹಾರ್ಮೋನ್ ಇಳಿದಿರುತ್ತೆ, ಒಂದೇ ಸಲದ ಖರ್ಚು, ಮೂರು ತಿಂಗ್ಳಿಗೊಂದ್ಸಲ ಬಸ್ ಹತ್ತಿ ಓಡಾಡೋದು ಇರಲ್ಲ, ಮಳೆ ಬಂತು ನಾಟಿ ಬಂತು ಅಂತ ಇಂಜೆಕ್ಷನ್ ತಪ್ಪೋ ಭಯನೂ ಇರಲ್ಲ. ಆದ್ರೆ ಮಾಡಿದ್ದನ್ನ ವಾಪಸ್ ತರಕ್ಕಾಗಲ್ಲ, ಮನಸ್ಸಿಗೆ ಅದು ದೊಡ್ಡ ವಿಷ್ಯ.

ಇಂಜೆಕ್ಷನ್ ಅಂದ್ರೆ ಒಂದು ಎಚ್ಚರಿಕೆ ಇದೆ. ಲ್ಯೂಪ್ರೊಲೈಡ್, ಗೊಸೆರೆಲಿನ್ ತರದವು ಮೊದಲ ಒಂದೆರಡು ವಾರ ಹಾರ್ಮೋನನ್ನ ಇಳಿಸೋ ಬದ್ಲು ಏರಿಸ್ತವೆ, ಆಮೇಲೆ ಇಳಿಸ್ತವೆ. ನಿಮ್ಮಪ್ಪಂಗೆ ಬೆನ್ನುಮೂಳೆಯಲ್ಲೇ ಕ್ಯಾನ್ಸರ್ ಇರೋದ್ರಿಂದ ಆ ಎರಡು ವಾರ ನೋವು ಜಾಸ್ತಿ ಆಗ್ಬೋದು, ನರದ ಮೇಲೆ ಒತ್ತಡನೂ ಬರ್ಬೋದು, ಅದಕ್ಕೇ ಕೆಲವು ದಿನ ಮುಂಚೆಯಿಂದ್ಲೇ ಬೈಕಾಲುಟಮೈಡ್ ಮಾತ್ರೆ ಕೊಡ್ತಾರೆ. ಕೊಟ್ಟಿದ್ದಾರಾ ಅಂತ ಕೇಳಿ. ಡೆಗಾರೆಲಿಕ್ಸ್ ಅನ್ನೋ ತಿಂಗಳ ಇಂಜೆಕ್ಷನ್‌ಗೆ ಈ ತೊಂದ್ರೆ ಇಲ್ಲ.

ಇನ್ನೊಂದು ಮುಖ್ಯವಾದ ಮಾತು, ಬೀಜ ತೆಗೆಸಿದ್ವಿ ಮುಗೀತು ಅಂತ ಮನೆಗೆ ಹೋಗ್ಬೇಡಿ. ಹತ್ತು ವರ್ಷದಿಂದ ಈಚೆಗೆ ಈ ಲೆಕ್ಕಾಚಾರವೇ ಬದಲಾಗಿದೆ. 2015ರಲ್ಲಿ ಬಂದ ಒಂದು ದೊಡ್ಡ ಸ್ಟಡಿಯಲ್ಲಿ ಹಾರ್ಮೋನ್ ಟ್ರೀಟ್‌ಮೆಂಟ್ ಒಂದೇ ತಗೊಂಡವ್ರಲ್ಲಿ ಅರ್ಧ ಜನ 44 ತಿಂಗಳು ದಾಟಿದ್ರು, ಜೊತೆಗೆ ಆರು ಸಲ ಡೋಸಿಟ್ಯಾಕ್ಸೆಲ್ ಕೀಮೋ ತಗೊಂಡವ್ರಲ್ಲಿ ಅರ್ಧ ಜನ 57 ತಿಂಗಳು ದಾಟಿದ್ರು. ಇದು ಸರಾಸರಿ ಆಯಸ್ಸು ಅಲ್ಲ, ಅರ್ಧ ಜನ ಅದಕ್ಕಿಂತ ಜಾಸ್ತಿ ಬದುಕಿದ್ರು ಅಂತ ಅರ್ಥ. 2017ರಲ್ಲಿ ಅಬಿರಾಟೆರೋನ್ ಮಾತ್ರೆನ ಶುರುವಿನಲ್ಲೇ ಸೇರಿಸಿದಾಗ್ಲೂ ಮೂರು ವರ್ಷ ದಾಟಿದವ್ರು 100ಕ್ಕೆ 49ರಿಂದ 66ಕ್ಕೆ ಏರಿದ್ರು. ಎನ್ಜಾಲುಟಮೈಡ್, ಅಪಾಲುಟಮೈಡ್ ಕೂಡ ಇದೇ ಸಾಲಿನವು. ಅದಕ್ಕೇ ಮುಂದಿನ ಸಲ ಹೋದಾಗ "ಸರ್, ಇದ್ರ ಜೊತೆ ಇನ್ನೇನು ಸೇರಿಸ್ತೀರಾ, ಅಪ್ಪನ ಮೈಗೆ ಯಾವ್ದು ತಡೆಯುತ್ತೆ" ಅಂತ ಬಾಯಿ ಬಿಟ್ಟು ಕೇಳಿ. ಬಿಪಿಎಲ್ ಕಾರ್ಡ್ ಇದ್ರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಯಾವ್ದು ಅದ್ರಲ್ಲಿ ಸೇರುತ್ತೆ ಅಂತ ಬೆಂಗ್ಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲೋ ನಿಮ್ಮ ಜಿಲ್ಲೆಯ ದೊಡ್ಡಾಸ್ಪತ್ರೆಯಲ್ಲೋ ಕೌಂಟರಲ್ಲೇ ವಿಚಾರ್ಸಿ.

ಈಗ ಹರ್ನಿಯಾ ವಿಷ್ಯ. ಕೆಲವು ವರ್ಷದ ಹಿಂದೆ ನನ್ನ ಒಪಿಡಿಗೆ ಒಬ್ಬ ಯಜಮಾನ್ರು ಬಂದಿದ್ರು, ಆಪರೇಷನ್ ಬೇರೆ ಕಡೆ ಆಗಿತ್ತು. ಶರ್ಟಿನ ಜೇಬಿಂದ ಎಂಟು ಮಡಿಕೆ ಮಡಚಿದ್ದ ಡಿಸ್ಚಾರ್ಜ್ ಸಮ್ಮರಿ ತೆಗೆದು ಟೇಬಲ್ ಮೇಲಿಟ್ಟು ಅಂಗೈಯಿಂದ ಒತ್ತಿ ಒತ್ತಿ ಸರಿ ಮಾಡಿದ್ರು. ಒಂದು ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಇತ್ತು. ಹತ್ತನೇ ಕ್ಲಾಸ್ ಓದೋ ಮೊಮ್ಮಗಳು ಆ ಇಂಗ್ಲಿಷ್ ಪದನ ಫೋನಲ್ಲಿ ಹುಡುಕಿ ಅರ್ಥ ಓದಿ ಹೇಳ್ಬಿಟ್ಟಿದ್ಲು, ಪಾಪ ಆ ಮಗುಗೇನು ಗೊತ್ತು. "ನನ್ನ ಕೇಳಿದ್ರೆ ನಾನೇ ತೆಗೀರಪ್ಪಾ ಅಂತಿದ್ದೆ ಸ್ವಾಮಿ, ಕೇಳ್ಲಿಲ್ವಲ್ಲ" ಅಂದ್ರು. ಅಷ್ಟೇ ಅಂದಿದ್ದು. ಮಗ ಹಿಂದೆ ನಿಂತಿದ್ದ, ಆಮೇಲೆ ಬಂದಾಗೆಲ್ಲಾ ಯಜಮಾನ್ರು ಒಬ್ರೇ ಬರ್ತಿದ್ರು.

ನಿಮ್ಮಣ್ಣಂದ್ರು ಕೆಟ್ಟವ್ರಲ್ಲ, ಅಪ್ಪ ಎದೆ ಒಡ್ಕೊಂತಾರೆ ಅನ್ನೋ ಭಯ ಅವ್ರಿಗೆ. ಆದ್ರೆ ಒಂದು ಆಪರೇಷನ್ ಹೆಸ್ರು ಹೇಳಿ ಇನ್ನೊಂದಕ್ಕೆ ಸಹಿ ಹಾಕಿಸ್ಕೊಂಡ್ರೆ ಅದು ಒಪ್ಪಿಗೆನೇ ಅಲ್ಲ, ಕಾನೂನಿನ ಪ್ರಕಾರನೂ ಅಲ್ಲ. ಹೇಳೋದು ಹೇಗೆ ಅಂತೀರಾ? ಬೆಳಗ್ಗೆ ಕಾಫಿ ಆದ್ಮೇಲೆ ಮನೇಲಿ ಗದ್ದಲ ಇಲ್ದೇ ಇದ್ದಾಗ ನೀವೇ ಪಕ್ಕದಲ್ಲಿ ಕೂತ್ಕೊಂಡು "ನಿಮಗೆ ಏನಾಗಿದೆ ಅಂತ ನಿಮಗನ್ಸುತ್ತೆ ಅಪ್ಪಾಜಿ" ಅಂತ ಮೊದ್ಲು ಕೇಳಿ. ಎಷ್ಟೋ ಜನ "ದೊಡ್ಡ ಕಾಯಿಲೆನೇ ಇರ್ಬೇಕು" ಅಂತ ಆಗ್ಲೇ ಊಹಿಸಿರ್ತಾರೆ, ಮಕ್ಳಿಗೆ ನೋವಾಗುತ್ತೆ ಅಂತ ಅವ್ರೂ ಸುಮ್ನಿರ್ತಾರೆ. ಅವ್ರು ಎಷ್ಟು ಕೇಳ್ತಾರೋ ಅಷ್ಟಕ್ಕೆ ನಿಜ ಹೇಳಿ. "ನಂಗೇನೂ ಹೇಳ್ಬೇಡಿ, ನೀವೇ ನೋಡ್ಕೊಳ್ಳಿ" ಅಂತ ಅವ್ರೇ ಅಂದ್ರೆ ಸರಿ, ಅದು ಅವ್ರ ತೀರ್ಮಾನ, ಆದ್ರೂ ಏನನ್ನ ತೆಗೀತಾರೆ ಅಂತ ಮಾತ್ರ ಗೊತ್ತಿರ್ಲೇಬೇಕು.

ಪ್ರಶ್ನೆ: ನಮ್ಮ ಮಾವನೋರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಬೆನ್ನಿಗೆ ಹೋಗಿದೆ. ಎರಡು ದಿನದಿಂದ ಎರಡೂ ಕಾಲು ಜೋಮು ಹಿಡಿದ ಹಾಗೆ, ನಡೆಯುವಾಗ ಮಂಡಿ ಕುಸೀತಿದೆ, ಇವತ್ತು ಒಂದಕ್ಕೂ ಸರಿಯಾಗಿ ಹೋಗಿಲ್ಲ. ಫಿಸಿಯೋಥೆರಪಿ ಮಾಡಿಸ್ಬೋದಾ? — ಸೊಸೆ, ತುಮಕೂರು

ಉತ್ತರ: ಈ ಮೆಸೇಜಿಗೆ ಅವತ್ತೇ ಫೋನ್ ಮಾಡಿ ಉತ್ರ ಕೊಟ್ಟಿದ್ದೀವಿ, ಬೇರೆಯವ್ರಿಗೆ ಗೊತ್ತಿರ್ಲಿ ಅಂತ ಇಲ್ಲಿ ಹಾಕ್ತಿದ್ದೀನಿ. ಹರಡಿದ ಕ್ಯಾನ್ಸರ್ ಇರೋವ್ರಿಗೆ ಕಾಲಲ್ಲಿ ಬಲ ಹೋಗೋದು, ಜೋಮು, ಒಂದು ಎರಡು ಕಟ್ಟೋದು ಅಥವಾ ಗೊತ್ತಾಗ್ದೇ ಹೋಗ್ಬಿಡೋದು, ಬೆನ್ನಿನ ನೋವು ದಿಢೀರ್ ಜಾಸ್ತಿ ಆಗೋದು ಇವ್ಯಾವ್ದಾದ್ರೂ ಬಂದ್ರೆ ಬೆನ್ನುಹುರಿ ಒತ್ತಿ ಹಿಡಿದಿರ್ಬೋದು, ಅವತ್ತೇ ರಾತ್ರಿ ಆದ್ರೂ ಸರಿ ಎಮರ್ಜೆನ್ಸಿಗೆ ಹೋಗ್ಬೇಕು. ಡೆಕ್ಸಾಮೆಥಾಸೋನ್ ಇಂಜೆಕ್ಷನ್ ಕೊಟ್ಟು ಪೂರ್ತಿ ಬೆನ್ನಿನ ಎಮ್ಆರ್‌ಐ ಮಾಡಿ ಕರೆಂಟ್ (ರೇಡಿಯೇಷನ್) ಕೊಡೋದೋ ಆಪರೇಷನ್ನೋ ಅಂತ ಅವ್ರು ನೋಡ್ತಾರೆ. ನಡ್ಕೊಂಡು ಬಂದವ್ರು ಸಾಮಾನ್ಯವಾಗಿ ನಡೀತಾ ಉಳೀತಾರೆ, ಕಾಲು ಪೂರ್ತಿ ಬಿದ್ದ ಮೇಲೆ ಬಂದ್ರೆ ವಾಪಸ್ ಬರೋದು ಕಷ್ಟ. ಸೋಮವಾರ ಒಪಿಡಿಗೆ ಹೋದ್ರಾಯ್ತು ಅಂತ ಕಾಯ್ಬೇಡಿ, ದಯವಿಟ್ಟು.

ಪ್ರಶ್ನೆ: ನಮ್ಮ ಯಜಮಾನ್ರಿಗೆ ಅಬಿರಾಟೆರೋನ್ ದಿನಕ್ಕೆ ನಾಕು ಮಾತ್ರೆ, ಖಾಲಿ ಹೊಟ್ಟೆಗೆ. ತಿಂಗ್ಳ ಖರ್ಚು ತೂಗ್ಸಕ್ಕಾಗ್ತಿಲ್ಲ. ಪರಿಚಯದವ್ರೊಬ್ರಿಗೆ ಒಂದೇ ಮಾತ್ರೆ, ಅದೂ ತಿಂಡಿ ಜೊತೆ ಕೊಟ್ಟಿದ್ದಾರಂತೆ. ನಾವೂ ಹಾಗೇ ಮಾಡ್ಬೋದಾ? ಜೊತೆಗೆ ಕ್ಯಾನ್ಸರ್‌ಗೆ ಒಳ್ಳೇದು ಅಂತ ನಾಟಿ ಕಷಾಯ ಕುಡೀತಾರೆ. ಇತ್ತೀಚೆಗೆ ಬಿಪಿ 170 ಆಗಿದೆ, ಪೊಟ್ಯಾಷಿಯಂ 2.9 ಬಂದಿದೆ. — ದಾವಣಗೆರೆ

ಉತ್ತರ: ಕೊನೇದನ್ನ ಮೊದ್ಲು ಹೇಳ್ತೀನಿ, ಯಾಕಂದ್ರೆ ಅದು ಅವಸರದ್ದು. ಪೊಟ್ಯಾಷಿಯಂ 2.9 ಅಂದ್ರೆ ಹೃದಯದ ಬಡಿತ ಏರುಪೇರಾಗೋ ಮಟ್ಟ, ಇವತ್ತೇ ನಿಮ್ಮ ಡಾಕ್ಟ್ರಿಗೆ ಫೋನ್ ಮಾಡಿ. ಆ ಕಷಾಯದ ಪುಡಿಯಲ್ಲಿ ಜ್ಯೇಷ್ಠಮಧು ಇದ್ಯಾ ನೋಡಿ, ಅತಿಮಧುರ ಅಂತಾನೂ ಕರೀತಾರೆ, ಬಾಯಿಗೆ ಸಿಹಿ ಸಿಹಿ ಹತ್ತೋ ಬೇರು, ಕೆಮ್ಮಿಗೆ ಕೊಡೋದೇ ಅದು. ಅದೂ ಜಾಸ್ತಿ ಆದ್ರೆ ಬಿಪಿ ಏರಿಸಿ ಪೊಟ್ಯಾಷಿಯಂ ಇಳಿಸುತ್ತೆ, ಅಬಿರಾಟೆರೋನೂ ಅದನ್ನೇ ಮಾಡುತ್ತೆ. ಎರಡೂ ಸೇರಿದ್ರೆ ನಿಮ್ಮನೇಲಿ ಆಗಿರೋ ಹಾಗೆನೇ ಆಗುತ್ತೆ. ಕಷಾಯ ನಿಲ್ಸಿ, ನಿಲ್ಸಿದ್ದನ್ನೂ ಕುಡೀತಿದ್ದನ್ನೂ ಎರಡನ್ನೂ ಡಾಕ್ಟ್ರಿಗೆ ಹೇಳಿ, ಬೈದ್ರೆ ಬೈಲಿ. ನಾಟಿ ಔಷಧಿ ತಗೊಳ್ಳೋರ ಮೇಲೆ ನಂಗೆ ಕೋಪ ಇಲ್ಲ, ದಿಕ್ಕು ತೋಚ್ದೇ ಇದ್ದಾಗ ಯಾರು ಏನು ಕೊಟ್ರೂ ಕುಡೀತೀವಿ, ಆದ್ರೆ ಲಿವರ್ ಮೇಲೆ ಮೊದ್ಲೇ ಭಾರ ಹಾಕೋ ಮಾತ್ರೆ ಜೊತೆ ಗೊತ್ತಿಲ್ದೇ ಇರೋ ಪುಡಿ ಬೇಡ.

ಇನ್ನು ಒಂದು ಮಾತ್ರೆ ವಿಷ್ಯ. ಅದು ಸುಳ್ಳಲ್ಲ. ಈ ಔಷಧಿ ಊಟದ ಜೊತೆ ತುಂಬಾ ಜಾಸ್ತಿ ಮೈಗೆ ಸೇರುತ್ತೆ, ಕೊಬ್ಬಿನ ಊಟ ಆದ್ರೆ ಹತ್ತು ಪಟ್ಟಿನವರೆಗೂ. 250 ಮಿಲಿಗ್ರಾಂನ ಒಂದು ಮಾತ್ರೆನ ಕಮ್ಮಿ ಕೊಬ್ಬಿನ ತಿಂಡಿ ಜೊತೆ ಕೊಟ್ರೆ 1000 ಮಿಲಿಗ್ರಾಂ ಖಾಲಿ ಹೊಟ್ಟೆಗೆ ಕೊಟ್ಟಷ್ಟೇ ಪಿಎಸ್‌ಎ ಇಳಿಯುತ್ತೆ ಅಂತ 2018ರಲ್ಲಿ ಒಂದು ಸ್ಟಡಿ ಬಂತು, 72 ಜನರ ಸಣ್ಣ ಸ್ಟಡಿ. ಆಯಸ್ಸಿನ ಲೆಕ್ಕ ಅದ್ರಲ್ಲಿ ನೋಡಿಲ್ಲ, ಆದ್ರೂ ಖರ್ಚು ತಡೆಯಲ್ಲ ಅಂತ ಮಾತ್ರೆನೇ ಬಿಟ್ಬಿಡೋದಕ್ಕಿಂತ ಇದು ಎಷ್ಟೋ ಮೇಲು ಅಂತ ನಮ್ಮ ದೇಶದಲ್ಲಿ ತುಂಬಾ ಡಾಕ್ಟ್ರು ಹೀಗೆ ಕೊಡ್ತಾರೆ, ನಾನೂ ಕೊಡ್ತೀನಿ. ಆದ್ರೆ ನೀವಾಗಿ ನೀವೇ ಬದಲಾಯಿಸ್ಬೇಡಿ, ನಾಕು ಮಾತ್ರೆನೂ ತಗೊಂಡು ಜೊತೆಗೆ ಬೆಣ್ಣೆ ದೋಸೆ ತಿಂದ್ರೆ ಓವರ್‌ಡೋಸ್ ಆದ ಹಾಗೇ. "ಖರ್ಚು ತಡೆಯಕ್ಕಾಗ್ತಿಲ್ಲ ಸರ್" ಅಂತ ಡಾಕ್ಟ್ರ ಮುಂದೆ ಹೇಳೋದಕ್ಕೆ ನಾಚಿಕೆ ಬೇಡ, ಹೇಳ್ದೇ ಇದ್ರೆ ನಮಗೆ ಗೊತ್ತಾಗೋದು ಹೇಗೆ. ಜೊತೆಗೆ ಕೊಟ್ಟಿರೋ ಪ್ರೆಡ್ನಿಸೋಲೋನ್ ಅನ್ನೋ ಸ್ಟೀರಾಯ್ಡ್ ಮಾತ್ರೆನ ಮಾತ್ರ ಯಾವ ಕಾರಣಕ್ಕೂ ದಿಢೀರ್ ನಿಲ್ಸ್ಬೇಡಿ.

ಪ್ರಶ್ನೆ: ಡಾಕ್ಟರ್ ಸಾಹೇಬ್ರ, ನಾ ರಿಟೈರ್ಡ್ ಸಾಲಿ ಮಾಸ್ತರ, ವಯಸ್ಸು 66. ಒಂದೂವರಿ ವರ್ಷದಿಂದ ಬರೇ ಇಂಜೆಕ್ಷನ್ ನಡದದ. ಪಿಎಸ್‌ಎ 0.1 ಅದ, ಎಲ್ಲಾರೂ ಛಲೋ ಆತು ಅಂತಾರ. ಆದ್ರ ನನ್ನ ಗುರ್ತ ನನಗಽ ಸಿಗವಲ್ದು. ರಾತ್ರಿ ಮೈ ಧಗ ಧಗ ಅಂತದ, ಬನಿಯನ್ ತೊಯ್ದು ತಪ್ಪಡಿ ಆಗ್ತದ, ಹೊಟ್ಟಿ ಬಂದದ, ಎದಿ ಬೆಳದದ, ಟಿವಿ ಮುಂದ ಕುಂತ್ರ ಸುಮ್‌ಸುಮ್ನ ಕಣ್ಣಾಗ ನೀರು ಬರ್ತಾವ. ಹೆಂಡ್ತಿ ಕಡೆ ಮನಸ್ಸಽ ಹೋಗೂದಿಲ್ಲ. ಇಂಜೆಕ್ಷನ್ ಬಿಟ್ಟಬಿಡ್ಲೇನು? — ಧಾರವಾಡ

ಉತ್ತರ: ಮಾಸ್ತರೇ, ನೀವು ಬರ್ದಿದ್ದಕ್ಕೆ ಮೊದ್ಲು ನಮಸ್ಕಾರ. ನೀವು ಬರ್ದಿರೋ ಒಂದೊಂದೂ ಹಾರ್ಮೋನ್ ಇಲ್ದೇ ಇರೋದ್ರಿಂದ ಆಗ್ತಿರೋದು, ಕಣ್ಣೀರು ಕೂಡ. ಮುಟ್ಟು ನಿಲ್ಲೋ ವಯಸ್ಸಲ್ಲಿ ಹೆಂಗಸ್ರಿಗೆ ಮೈ ಧಗ್ ಅನ್ನುತ್ತಲ್ಲ, ಅದೇ ಇದು, ನಿಮ್ಮ ಮನೆಯವ್ರನ್ನ ಕೇಳಿ ನೋಡಿ, ಅವ್ರಿಗೆ ನಮ್ಮೆಲ್ರಿಗಿಂತ ಚೆನ್ನಾಗಿ ಅರ್ಥ ಆಗುತ್ತೆ. ಸುಮ್ನೆ ಕೇಳಿ ಅಂತಿಲ್ಲ ನಾನು, ನಿಜವಾಗ್ಲೂ ಹೇಳ್ಕೊಳ್ಳಿ. ಗಂಡ ಯಾಕೆ ದೂರ ಆದ್ರು ಅಂತ ಗೊತ್ತಾಗ್ದೇ ಒಳಗೊಳಗೇ ಕೊರಗೋ ಹೆಂಗಸ್ರನ್ನ ನಾನು ನೋಡಿದ್ದೀನಿ, "ಇಂಜೆಕ್ಷನ್ನಿಂದ ಹೀಗಾಗ್ತದ, ನಿನ್ ಮ್ಯಾಲಿನ ಪ್ರೀತಿ ಕಮ್ಮಿ ಆಗಿಲ್ಲ" ಅನ್ನೋ ಒಂದು ಮಾತು ಅವ್ರಿಗೆ ಬೇಕು.

ಧಗೆಗೆ ಸಣ್ಣ ಡೋಸ್ ವೆನ್ಲಾಫ್ಯಾಕ್ಸಿನ್ ಮಾತ್ರೆ ಇದೆ, ಮನಸ್ಸಿನ ಭಾರಕ್ಕೂ ಅದು ಆಗುತ್ತೆ, ಬೇರೆ ಮಾತ್ರೆಗಳೂ ಇವೆ, ಕೇಳಿ. ಹೊಟ್ಟೆ ಬರೋದು, ತೊಡೆ ತೋಳು ಸೊರಗೋದು ಇದಕ್ಕೆ ವಾಕಿಂಗ್ ಒಂದೇ ಸಾಲಲ್ಲ, ಮೈಗೆ ಬಲ ಕೊಡೋ ವ್ಯಾಯಾಮ ಬೇಕು, ಕುರ್ಚಿಯಿಂದ ಕೈ ಊರದೇ ಹತ್ತು ಸಲ ಎದ್ದು ಕೂರೋದು, ಗೋಡೆಗೆ ಕೈ ಕೊಟ್ಟು ದಂಡ ಹೊಡೆಯೋದು, ವಾರಕ್ಕೆ ಎರಡು ಮೂರು ದಿನ. ಮೂಳೆ ಕೂಡ ಟೊಳ್ಳಾಗುತ್ತೆ ಈ ಇಂಜೆಕ್ಷನ್ನಲ್ಲಿ, ಮೂಳೆ ಎಷ್ಟು ಗಟ್ಟಿ ಇದೆ ಅಂತ ನೋಡೋ ಡೆಕ್ಸಾ ಸ್ಕ್ಯಾನ್ ಮಾಡಿಸಿ, ವಿಟಮಿನ್ ಡಿ ನೋಡಿಸಿ, ಜೋಳದ ರೊಟ್ಟಿ ಜೊತೆ ದಿನಕ್ಕೊಂದ್ಸಲ ರಾಗಿ ಅಂಬಲಿ ಇರ್ಲಿ, 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತೆ. ಮೂಳೆಗೆ ಝೋಲೆಡ್ರಾನಿಕ್ ಇಂಜೆಕ್ಷನ್ ಅಂದ್ರೆ ಅದಕ್ಕೂ ಮುಂಚೆ ಹಲ್ಲಿನ ಡಾಕ್ಟ್ರಿಗೆ ತೋರಿಸಿ, ಕೀಳ್ಬೇಕಾದ ಹಲ್ಲು ಮೊದ್ಲೇ ಕೀಳ್ಸಿ, ಆಮೇಲೆ ಕಿತ್ರೆ ದವಡೆ ಮೂಳೆ ಮಾಯದೇ ಉಳಿಯೋ ತೊಂದ್ರೆ ಬರ್ಬೋದು.

ಬಿಡ್ಲಾ ಅಂದ್ರಿ. ಬಿಟ್ಟು ಬಿಟ್ಟು ತಗೊಳ್ಳೋ ಪದ್ಧತಿ ಒಂದಿದೆ. ಪಿಎಸ್‌ಎ ಚೆನ್ನಾಗಿ ಇಳಿದವ್ರಲ್ಲಿ ಇಂಜೆಕ್ಷನ್ ನಿಲ್ಸಿ, ಪಿಎಸ್‌ಎ ಮತ್ತೆ ಏರಿದಾಗ ಶುರು ಮಾಡೋದು. 2013ರಲ್ಲಿ ಬಂದ 1,535 ಜನರ ಸ್ಟಡಿಯಲ್ಲಿ ಬಿಡದೇ ತಗೊಂಡವ್ರಲ್ಲಿ ಅರ್ಧ ಜನ 5.8 ವರ್ಷ ದಾಟಿದ್ರು, ಬಿಟ್ಟು ಬಿಟ್ಟು ತಗೊಂಡವ್ರಲ್ಲಿ 5.1 ವರ್ಷ. ಎರಡೂ ಸಮ ಅಂತ ಹೇಳೋ ಹಾಗಾಗ್ಲಿಲ್ಲ, ಆದ್ರೆ ಬಿಟ್ಟವ್ರಿಗೆ ಮೊದಲ ಕೆಲವು ತಿಂಗಳು ಗಂಡಸ್ತನ, ಮನಸ್ಸು ಎರಡೂ ಸುಧಾರಿಸಿತ್ತು. ಅಂದ್ರೆ ಇದು ನೀವೇ ತೂಗಿ ನೋಡ್ಬೇಕಾದ್ದು. ಒಂದು ಕಡೆ ಒಂದಿಷ್ಟು ಕಾಲ ಕಮ್ಮಿ ಆಗ್ಬೋದಾದ ಅಪಾಯ, ಇನ್ನೊಂದು ಕಡೆ ಈಗಿನ ದಿನ ಚೆನ್ನಾಗಿರೋದು. ಯಾವ್ದು ಆರಿಸಿದ್ರೂ ನೀವು ತಪ್ಪು ಮಾಡಿದ ಹಾಗಲ್ಲ, ಆದ್ರೆ ನಿಮ್ಮಷ್ಟಕ್ಕೆ ನೀವೇ ಡೇಟ್ ತಪ್ಪಿಸ್ಬೇಡಿ, ಡಾಕ್ಟ್ರಿಗೆ ಹೇಳಿ ನಿಲ್ಸಿ, ನಿಲ್ಸಿದ್ರೆ ಪಿಎಸ್‌ಎ ಮಾಡಿಸ್ತಾನೇ ಇರ್ಬೇಕು.

ಪ್ರಶ್ನೆ: ನಾನು ನ್ಯೂಜೆರ್ಸಿಯಲ್ಲಿದ್ದೀನಿ, ಅಪ್ಪ ಅಮ್ಮ ಮೈಸೂರಲ್ಲಿ. ಅಪ್ಪಂಗೆ 78. ಅಬಿರಾಟೆರೋನ್ ಆಯ್ತು, ಕೀಮೋ ಆಯ್ತು, ಈಗ ಪಿಎಸ್‌ಎ 3 ಇದ್ದದ್ದು 7, ಆಮೇಲೆ 15. ಟೆಸ್ಟೋಸ್ಟಿರಾನ್ 18 ಇದೆ. ಲುಟೇಷಿಯಂ ಕೊಡ್ಸೋಣ, ದುಡ್ಡು ನಾನು ಕಳಿಸ್ತೀನಿ ಅಂತೀನಿ, ಅಮ್ಮ ಸಾಕು ಕಣೋ ಅಂತಾರೆ. ನೀವೇ ಹೇಳಿ.

ಉತ್ತರ: ಟೆಸ್ಟೋಸ್ಟಿರಾನ್ 50ರ ಕೆಳಗಿದ್ದೂ ಪಿಎಸ್‌ಎ ಏರ್ತಾ ಇದೆ ಅಂದ್ರೆ ಕ್ಯಾನ್ಸರ್ ಹಾರ್ಮೋನ್ ಇಲ್ದೇನೂ ಬೆಳೆಯೋದನ್ನ ಕಲಿತಿದೆ. ಲುಟೇಷಿಯಂ ಪಿಎಸ್‌ಎಂಎ ಅನ್ನೋದು ರಕ್ತನಾಳದ ಮೂಲಕ ಹೋಗಿ ಕ್ಯಾನ್ಸರ್ ಜೀವಕೋಶಕ್ಕೆ ಅಂಟಿಕೊಂಡು ಅಲ್ಲೇ ಕರೆಂಟ್ ಕೊಡೋ ಔಷಧಿ, ಆರು ವಾರಕ್ಕೊಂದು, ಹೆಚ್ಚಂದ್ರೆ ಆರು ಸಲ. ಮೊದ್ಲು ಪಿಎಸ್‌ಎಂಎ ಪೆಟ್ ಸ್ಕ್ಯಾನಲ್ಲಿ ಗಡ್ಡೆಗಳು ಹೊಳೀಬೇಕು, ಹೊಳೀದೇ ಇದ್ರೆ ಕೊಟ್ಟೂ ಪ್ರಯೋಜನ ಇಲ್ಲ. ಬೆಂಗ್ಳೂರಲ್ಲಿ ಸಿಗುತ್ತೆ. 2021ರ ಸ್ಟಡಿಯಲ್ಲಿ ನಿಮ್ಮಪ್ಪನ ಹಂತದವ್ರಲ್ಲಿ ಅರ್ಧ ಜನ ಬದುಕಿ ದಾಟಿದ ಗಡಿ 11.3 ತಿಂಗಳಿಂದ 15.3 ತಿಂಗಳಿಗೆ ಹೋಯ್ತು. ಬಾಯಿ ಒಣಗುತ್ತೆ, ಸುಸ್ತಾಗುತ್ತೆ, ರಕ್ತ ಕಮ್ಮಿ ಆಗುತ್ತೆ, ಆದ್ರೂ ಎಷ್ಟೋ ಜನ ಕೀಮೋಗಿಂತ ಸುಲಭವಾಗಿ ತಡೀತಾರೆ. ಬಿಆರ್‌ಸಿಎ ಜೀನ್ ಟೆಸ್ಟ್ ಆಗಿಲ್ಲ ಅಂದ್ರೆ ಅದನ್ನೂ ಮಾಡಿಸಿ, ಆ ಜೀನಲ್ಲಿ ದೋಷ ಇದ್ರೆ ಒಲಾಪರಿಬ್ ಅನ್ನೋ ಮಾತ್ರೆ ಕೆಲ್ಸ ಮಾಡುತ್ತೆ. ಅದು ಹುಟ್ಟಿಂದ್ಲೇ ಬಂದ ದೋಷ ಆಗಿದ್ರೆ ನಿಮಗೂ ನಿಮ್ಮ ಅಕ್ಕತಂಗೀರಿಗೂ ಟೆಸ್ಟ್ ಬೇಕಾಗುತ್ತೆ, ಹೆಂಗಸ್ರಲ್ಲಿ ಸ್ತನ, ಅಂಡಾಶಯದ ಕ್ಯಾನ್ಸರ್‌ಗೂ ಅದೇ ಜೀನ್ ಕಾರಣ ಆಗುತ್ತೆ.

ಇಷ್ಟು ಹೇಳಿದ್ಮೇಲೂ ಕೊಡ್ಸ್ಬೇಕಾ ಬೇಡ್ವಾ ಅಂತ ನಾನು ಹೇಳಲ್ಲ, ನೀವೂ ಹೇಳೋ ಹಾಗಿಲ್ಲ, ಅಮ್ಮನೂ ಅಲ್ಲ. ನಿಮ್ಮ ಪತ್ರದಲ್ಲಿ ನೀವು ಏನಂದ್ರಿ, ಅಮ್ಮ ಏನಂದ್ರು ಎರಡೂ ಇದೆ, ಅಪ್ಪ ಏನಂದ್ರು ಅಂತ ಒಂದು ಸಾಲೂ ಇಲ್ಲ. ಭಾನುವಾರ ವಿಡಿಯೋ ಕಾಲಲ್ಲಿ ರಿಪೋರ್ಟ್ ಮಾತು ಬಿಟ್ಟು ಅವ್ರನ್ನ ಕೇಳಿ, "ಅಪ್ಪಾ, ಈಗ ನಿಮಗೆ ಯಾವ್ದು ಮುಖ್ಯ, ಯಾವ್ದಕ್ಕೆ ಹೆದರ್ತೀರಾ." ಒಬ್ರು ಮೊಮ್ಮಗನ ಉಪನಯನದವರೆಗೆ ಇರ್ಬೇಕು ಅಂತಾರೆ, ಅವ್ರಿಗೆ ನಾಕು ತಿಂಗ್ಳು ಚಿನ್ನ. ಇನ್ನೊಬ್ರು ಇನ್ನು ಕಾರಲ್ಲಿ ಕೂತು ಬೆಂಗ್ಳೂರಿಗೆ ಹೋಗಕ್ಕಾಗಲ್ಲ, ಸಂಜೆ ಜಗಲಿ ಮೇಲೆ ಕೂತಿರ್ತೀನಿ ಸಾಕು ಅಂತಾರೆ, ಅದೂ ಟ್ರೀಟ್‌ಮೆಂಟ್ ತೀರ್ಮಾನವೇ. ಎರಡು ಸಲ ತಗೊಂಡು ಪಿಎಸ್‌ಎ ಇಳೀದೇ ಇದ್ರೆ ನಿಲ್ಸೋಣ ಅಂತ ಮೊದ್ಲೇ ಮಾತಾಡ್ಕೊಂಡು ಶುರು ಮಾಡೋದೂ ಒಂದು ದಾರಿ.

ಕೊನೇ ಹಂತದಲ್ಲಿ ವೆಂಟಿಲೇಟರ್, ಐಸಿಯು ಬೇಕಾ ಅನ್ನೋದನ್ನ ಅವ್ರೇ ಈಗ್ಲೇ ಬರೆದಿಡ್ಬೋದು. 2018ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಒಪ್ಪಿಗೆ ಕೊಟ್ಟಿದೆ, 2023ರಲ್ಲಿ ಸುಲಭನೂ ಮಾಡ್ತು, ಇಬ್ಬರು ಸಾಕ್ಷಿ, ನೋಟರಿ ಅಥವಾ ಗೆಜೆಟೆಡ್ ಆಫೀಸರ್ ಸಹಿ ಇದ್ರೆ ಸಾಕು. 2025ರ ಜನವರಿಯಲ್ಲಿ ನಮ್ಮ ರಾಜ್ಯದ ಆರೋಗ್ಯ ಇಲಾಖೆನೂ ಇದ್ರ ಬಗ್ಗೆ ಆದೇಶ ಹೊರಡ್ಸಿದೆ. ನೀವು ದೂರ ಇರೋದ್ರಿಂದ ಆ ಹಾಳೆ ಇದ್ರೆ ಅಮ್ಮಂಗೆ ರಾತ್ರಿ ಹೊತ್ತು ಒಬ್ರೇ ತೀರ್ಮಾನ ಮಾಡೋ ಸಂಕಟ ತಪ್ಪುತ್ತೆ.

ಪ್ರಶ್ನೆ: ಅಣ್ಣನಿಗೆ ಮೂಳೆ ನೋವು ವಿಪರೀತ. ಮಾರ್ಫಿನ್ ಬರ್ಕೊಟ್ಟಿದ್ದಾರೆ. ಚಟ ಆಗುತ್ತೆ ಅಂತ, ಮಾರ್ಫಿನ್ ಅಂದ್ರೆ ಕೊನೇ ಹಂತ ಅಂತ ಹೆದ್ರಿ ಮಾತ್ರೆ ಬೀರೂನಲ್ಲಿ ಇಟ್ಟಿದ್ದೀವಿ. — ಶಿರಸಿ

ಉತ್ತರ: ಬೀರೂನಿಂದ ತೆಗೀರಿ. ನೋವಿಗೆ ಅಂತ ಡಾಕ್ಟ್ರು ಹೇಳಿದ ಲೆಕ್ಕದಲ್ಲಿ ತಗೊಂಡ್ರೆ ಚಟ ಹತ್ತೋದು ತೀರಾ ಅಪರೂಪ, ಮತ್ತೆ ಅದು ಕೊನೇ ಹಂತದ ಮಾತ್ರೆ ಅಲ್ಲ, ದೊಡ್ಡ ನೋವಿನ ಮಾತ್ರೆ. ಸಾಮಾನ್ಯ ಮಾತ್ರೆ ಆದ್ರೆ ನಾಕು ಗಂಟೆಗೊಂದು ಅಂತ ಗಡಿಯಾರ ನೋಡಿ ಕೊಡಿ, ನೋವು ಬಂದ್ಮೇಲೆ ಕೊಡೋದಲ್ಲ, ಬರೋಕೆ ಮುಂಚೆ. ಮೊದಲ ಮೂರ್ನಾಕು ದಿನ ತೂಕಡಿಕೆ, ವಾಕರಿಕೆ ಇರ್ಬೋದು, ಕಮ್ಮಿ ಆಗುತ್ತೆ. ಮಲಬದ್ಧತೆ ಮಾತ್ರ ಕಮ್ಮಿ ಆಗಲ್ಲ, ಅದಕ್ಕೇ ಮೊದಲ ದಿನದಿಂದ್ಲೇ ಮಲ ಸಲೀಸಾಗಿ ಹೋಗಿಸೋ ಮಾತ್ರೆ ಜೊತೆಗೆ ಬೇಕು. ಕಿಡ್ನಿ ತೊಂದ್ರೆ ಇದ್ರೆ ಡಾಕ್ಟ್ರಿಗೆ ನೆನಪಿಸಿ, ಡೋಸ್ ಬದಲಾಗುತ್ತೆ.

ಒಂದೆರಡು ಜಾಗದಲ್ಲೇ ನೋವು ಜಾಸ್ತಿ ಇದ್ರೆ ಅಲ್ಲಿಗೆ ಒಂದೇ ಒಂದು ದಿನ ಕರೆಂಟ್ ಕೊಟ್ರೂ ಹತ್ತು ದಿನ ಕೊಟ್ಟಷ್ಟೇ ನೋವು ಇಳಿಯುತ್ತೆ, ಶಿರಸಿಯಿಂದ ದಿನಾ ಹುಬ್ಬಳ್ಳಿಗೆ ಓಡಾಡ್ಬೇಕಾಗಿಲ್ಲ, "ಸಿಂಗಲ್ ಡೋಸ್ ಕೊಡ್ತೀರಾ" ಅಂತ ಕೇಳಿ. ಕೆಲವ್ರಿಗೆ ಮೊದಲ ಒಂದೆರಡು ದಿನ ನೋವು ಏರಿ ಆಮೇಲೆ ಇಳಿಯುತ್ತೆ, ಪೂರ್ತಿ ಗುಣ ಕಾಣೋದಕ್ಕೆ ಕೆಲವು ವಾರ ಬೇಕು, ಅಲ್ಲಿವರೆಗೂ ಮಾರ್ಫಿನ್ ಇರ್ಲಿ. ಮನೇಲಿ ನೋಡ್ಕೊಳ್ಳಕ್ಕೆ ಆಗ್ದೇ ಇರೋ ಸ್ಥಿತಿ ಬಂದ್ರೆ ಬೆಂಗ್ಳೂರಿನ ಕರುಣಾಶ್ರಯದಲ್ಲಿ ಕ್ಯಾನ್ಸರ್ ರೋಗಿಗಳ್ನ ದುಡ್ಡು ತಗೊಳ್ದೇ ಇಟ್ಕೊಂಡು ನೋಡ್ಕೊಳ್ತಾರೆ. ಇವತ್ತು ರಾತ್ರಿ ಊಟ ಆದ್ಮೇಲೆ ಮೊದಲ ಮಾತ್ರೆ ಕೊಡಿ, ಎಷ್ಟು ಗಂಟೆಗೆ ಕೊಟ್ರಿ, ನೋವು ಹತ್ತಕ್ಕೆ ಎಷ್ಟಿತ್ತು ಎಷ್ಟಾಯ್ತು ಅಂತ ಅಣ್ಣನ್ನೇ ಕೇಳಿ ಒಂದು ನೋಟ್‌ಬುಕ್ಕಲ್ಲಿ ಬರೀರಿ, ಮುಂದಿನ ಸಲ ಡಾಕ್ಟ್ರ ಹತ್ರ ಹೋಗುವಾಗ ಅದನ್ನ ತಗೊಂಡು ಹೋಗಿ.